ಶಬ್ದ ಮಾಲಿನ್ಯ: ಕಿವಿಗೆ ಮಾತ್ರವಲ್ಲ, ಬದುಕಿಗೂ ಪೆಟ್ಟು

ಗಾಳಿ ಮತ್ತು ನೀರಿನ ಮಾಲಿನ್ಯದ ಬಗ್ಗೆ ನಾವು ಸಾಕಷ್ಟು ಮಾತನಾಡುತ್ತೇವೆ. ನದಿಗೆ ಕೊಳಚೆ ಬಿಟ್ಟರೆ ಪ್ರತಿಭಟನೆ ನಡೆಯುತ್ತದೆ, ಕಾರ್ಖಾನೆಯಿಂದ ಕಪ್ಪು ಹೊಗೆ ಎದ್ದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಆದರೆ ಶಬ್ದ ಮಾಲಿನ್ಯ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಬಡಿಯುವುದಿಲ್ಲ. ಮೈಕ್ ಬಂದ್ ಆದ ಕೂಡಲೇ ಅದು ಮಾಯವಾಗುತ್ತದೆ. ಆದುದರಿಂದ ಅದನ್ನು ಮಾಲಿನ್ಯವೆಂದು ಒಪ್ಪಿಕೊಳ್ಳಲು ನಮಗಿನ್ನೂ ಮನಸ್ಸು ಬಂದಿಲ್ಲ. ಯಾರಾದರೂ ದೂರು ಹೇಳಿದರೆ "ಒಂದು ದಿನ ತಾನೇ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ನಮ್ಮ ಕರಾವಳಿಯಲ್ಲಿ ಮಳೆ ನಿಂತ ಮೇಲೆ ಮುಂದಿನ ಮೇ ತಿಂಗಳ ತನಕ ಗೌಜಿಯ ಕಾಲ. ಇಗರ್ಜಿಗಳ ವಾರ್ಷಿಕ ಹಬ್ಬ, ದೇವಸ್ಥಾನಗಳ ಜಾತ್ರೆ, ನೇಮ, ಕೋಲ, ಉರೂಸ್, ಬಯಲಾಟ, ಶಾಲಾ ವಾರ್ಷಿಕೋತ್ಸವ, ಹೊನಲು ಬೆಳಕಿನ ಕಬಡ್ಡಿ ಮತ್ತು ಕ್ರಿಕೆಟ್, ಜತೆಗೆ ಮದುವೆ, ರೋಸ್, ಮದರಂಗಿ. ಇವೆಲ್ಲ ನಮ್ಮ ಬದುಕಿನ ಸಂಭ್ರಮಗಳು, ಇವುಗಳನ್ನು ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಪರೀಕ್ಷೆಗಳು ಬರುವುದೂ ಇದೇ ಅವಧಿಯಲ್ಲಿ. ಒಂದು ವಾರ್ಡಿನಲ್ಲಿ ವರ್ಷಕ್ಕೆ ಹತ್ತು ಕಾರ್ಯಕ್ರಮಗಳಾದರೆ ಪ್ರತಿಯೊಬ್ಬರ ಪಾಲಿಗೆ ಅದು 'ಒಂದು ದಿನ', ಆ ಮೈದಾನದ ಪಕ್ಕದಲ್ಲಿ ಹಾಸಿಗೆ ಹಿಡಿದಿರುವ ಅಜ್ಜಿಯ ಪಾಲಿಗೆ ಹತ್ತು ದಿನ. ಈ ಲೆಕ್ಕವನ್ನು ನಾವು ಹಾಕುವುದಿಲ್ಲ.

ಡೆಸಿಬೆಲ್ ಎಂದರೇನು?

ಶಬ್ದದ ಮಟ್ಟವನ್ನು ಅಳೆಯುವ ಮಾನ ಡೆಸಿಬೆಲ್. ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ನೆನಪಿಗಾಗಿ ಈ ಹೆಸರು ಇಡಲಾಗಿದೆ. ಇದರ ಲೆಕ್ಕ ಕಿಲೋ, ಲೀಟರ್‌ಗಳ ಹಾಗೆ ಅಲ್ಲ. ಮಟ್ಟ 10 ಡೆಸಿಬೆಲ್ ಏರಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟು ಹೆಚ್ಚಿತು ಎಂದರ್ಥ. 20 ಏರಿದರೆ ನೂರು ಪಟ್ಟು, 30 ಏರಿದರೆ ಸಾವಿರ ಪಟ್ಟು. ನಮ್ಮ ಕಿವಿಗೆ ಮಾತ್ರ ಪ್ರತಿ 10 ಡೆಸಿಬೆಲ್ ಏರಿಕೆ ಸುಮಾರು ಎರಡು ಪಟ್ಟು ಜೋರಾದಂತೆ ಕೇಳುತ್ತದೆ. ಶಬ್ದ ಅಪಾಯಕಾರಿ ಮಟ್ಟಕ್ಕೆ ಏರಿದ್ದು ನಮಗೆ ಬೇಗ ತಿಳಿಯದಿರಲು ಇದೂ ಒಂದು ಕಾರಣ.

ಅಂದಾಜಿಗೆ ಕೆಲವು ಮಟ್ಟಗಳು ಹೀಗಿವೆ:

- ಪಿಸುಮಾತು: 30 ಡೆಸಿಬೆಲ್
- ಸಾಮಾನ್ಯ ಮಾತುಕತೆ: 60 ಡೆಸಿಬೆಲ್
- ವಾಹನ ದಟ್ಟಣೆಯ ರಸ್ತೆಯ ಬದಿ, ಅಡುಗೆ ಮನೆಯ ಮಿಕ್ಸಿ: 80ರಿಂದ 90
- ಮದುವೆ ಹಾಲ್‌ನ ಡಿಜೆ ಪೆಟ್ಟಿಗೆಗಳ ಎದುರು: 100 ಮತ್ತು ಮೇಲೆ
- ಕಿವಿಯಲ್ಲಿ ನೋವು ಹುಟ್ಟಿಸುವ ಮಟ್ಟ: 120ರಿಂದ 130

ಕಿವಿಗೆ ಎಷ್ಟು ಹೊತ್ತು ಯಾವ ಮಟ್ಟ ತಡೆದುಕೊಳ್ಳಲು ಸಾಧ್ಯ ಎಂಬುದಕ್ಕೂ ಲೆಕ್ಕವಿದೆ. ತಜ್ಞರು ಸಾಮಾನ್ಯವಾಗಿ ಅನುಸರಿಸುವ ಮಿತಿಯಂತೆ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ. 100 ಡೆಸಿಬೆಲ್‌ಗೆ ತಲಪಿದಾಗ ಉಳಿಯುವುದು ಕೇವಲ 15 ನಿಮಿಷ. ಡಿಜೆ ಎದುರು ಮೂರು ಗಂಟೆ ಕುಣಿಯುವ ನಮ್ಮ ಯುವಕ ಯುವತಿಯರು, ಅಲ್ಲೇ ತೊಡೆಯ ಮೇಲೆ ಮಗುವನ್ನು ಮಲಗಿಸಿ ಕುಳಿತ ತಾಯಂದಿರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಕಿವಿಯೊಳಗೆ ಆಗುವುದೇನು?

ಶಬ್ದದ ಅಲೆಗಳು ಕಿವಿಯ ತಮಟೆಗೆ ಬಡಿದು, ಮೂರು ಪುಟ್ಟ ಎಲುಬುಗಳ ಮೂಲಕ ಒಳಗಿವಿಯ ಬಸವನಹುಳುವಿನ ಚಿಪ್ಪಿನಂತಿರುವ ಕಾಕ್ಲಿಯಾ ಎಂಬ ಭಾಗವನ್ನು ತಲಪುತ್ತವೆ. ಅಲ್ಲಿ ದ್ರವದ ನಡುವೆ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಅಲೆ ಬಂದಾಗ ಇವು ಬಾಗಿ, ಆ ಚಲನೆಯನ್ನು ವಿದ್ಯುತ್ ಸಂಕೇತವಾಗಿ ಬದಲಿಸಿ ಮಿದುಳಿಗೆ ಕಳುಹಿಸುತ್ತವೆ. ಗಾಳಿಗೆ ಬತ್ತದ ಪೈರು ಬಾಗಿ ಮತ್ತೆ ನೆಟ್ಟಗಾಗುವಂತೆ ಈ ರೋಮಗಳೂ ಸಣ್ಣ ಶಬ್ದಕ್ಕೆ ಬಾಗಿ ನೆಟ್ಟಗಾಗುತ್ತವೆ. ಬಿರುಗಾಳಿ ಬೀಸಿದರೆ ಪೈರು ಮಲಗಿಯೇ ಬಿಡುತ್ತದೆ. ಹಾಗೆಯೇ ಅತಿಯಾದ ಶಬ್ದಕ್ಕೆ ರೋಮಕೋಶಗಳು ಸಾಯುತ್ತವೆ. ಚರ್ಮದ ಗಾಯ ಮಾಯುತ್ತದೆ, ಮುರಿದ ಎಲುಬು ಕೂಡುತ್ತದೆ. ಆದರೆ ಮನುಷ್ಯನ ಕಿವಿಯಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ದೊಡ್ಡ ಗದ್ದಲದಿಂದ ಹೊರಗೆ ಬಂದಾಗ ಕಿವಿ ಮಂಕಾಗುವುದು, 'ಗುಂಯ್' ಎನ್ನುವುದು ಹಲವರ ಅನುಭವ. ಒಂದೆರಡು ದಿನಗಳಲ್ಲಿ ಅದು ಸರಿಯಾಗುತ್ತದೆ. ಮತ್ತೆ ಮತ್ತೆ ಹೀಗಾದರೆ ನಷ್ಟ ಶಾಶ್ವತವಾಗುತ್ತದೆ. ಮೊದಲು ಪೆಟ್ಟು ಬೀಳುವುದು 4,000 ಹರ್ಟ್ಸ್ ಆಸುಪಾಸಿನ ಎತ್ತರದ ಸ್ವರಗಳಿಗೆ. ಆಗ ಎದುರಿನವರ ದನಿ ಕೇಳುತ್ತದೆ, ಮಾತು ಅರ್ಥವಾಗುವುದಿಲ್ಲ. ಸ, ಕ, ತ ಮುಂತಾದ ವ್ಯಂಜನಗಳು ಜಾರಿಹೋಗಿ 'ಸಾಲು' ಎಂದದ್ದು 'ಕಾಲು' ಎಂದು ಕೇಳಿಸಬಹುದು. ಮನೆಯವರು "ಅಪ್ಪ ಬೇಕಾದ್ದು ಮಾತ್ರ ಕೇಳಿಸಿಕೊಳ್ಳುತ್ತಾರೆ" ಎಂದು ನಗುತ್ತಾರೆ. ಅಪ್ಪ ಕ್ರಮೇಣ ಜಗಲಿಯ ಮಾತುಕತೆಯಿಂದ ದೂರ ಸರಿಯುತ್ತಾರೆ. ಕಿವುಡುತನದ ನಿಜವಾದ ನೋವು ಈ ಒಂಟಿತನದಲ್ಲಿದೆ.

ನಿದ್ದೆ, ಹೃದಯ, ರಕ್ತದೊತ್ತಡ

"ನಮಗೆ ಅಭ್ಯಾಸವಾಗಿದೆ, ಹೆದ್ದಾರಿ ಬದಿಯಲ್ಲೇ ಮನೆ, ಲಾರಿ ಹೋದರೂ ಎಚ್ಚರವಾಗುವುದಿಲ್ಲ" ಎನ್ನುವವರಿದ್ದಾರೆ. ಮನಸ್ಸಿಗೆ ಅಭ್ಯಾಸವಾಗುವುದು ನಿಜ, ದೇಹಕ್ಕೆ ಪೂರ್ತಿಯಾಗಿ ಅಭ್ಯಾಸವಾಗುವುದಿಲ್ಲ. ಕಣ್ಣು ಮುಚ್ಚಿದರೆ ನೋಟ ನಿಲ್ಲುತ್ತದೆ, ಕಿವಿಗೆ ರೆಪ್ಪೆ ಇಲ್ಲ. ನಿದ್ದೆಯಲ್ಲೂ ಅದು ಕಾವಲು ಕಾಯುತ್ತದೆ. ದೊಡ್ಡ ಶಬ್ದ ಬಂದಾಗ ಮಿದುಳು ಅದನ್ನು ಅಪಾಯವೆಂದೇ ಎಣಿಸಿ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳನ್ನು ಬಿಡುಗಡೆ ಮಾಡಿಸುತ್ತದೆ. ಎದೆಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಗಾಢ ನಿದ್ದೆ ತೆಳುವಾಗುತ್ತದೆ. ಮಲಗಿದವರಿಗೆ ಬೆಳಿಗ್ಗೆ ಇದರ ನೆನಪಿರುವುದಿಲ್ಲ. ವರ್ಷಗಟ್ಟಲೆ ಹೀಗೆ ನಡೆದರೆ ರಕ್ತದೊತ್ತಡ ಮತ್ತು ಹೃದ್ರೋಗದ ಸಾಧ್ಯತೆ ಹೆಚ್ಚುತ್ತದೆ ಎಂದು ಅಧ್ಯಯನಗಳು ತೋರಿಸಿವೆ.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಪಶ್ಚಿಮ ಯುರೋಪಿನಲ್ಲಿ ಸಂಚಾರದ ಶಬ್ದವೊಂದರಿಂದಲೇ ಪ್ರತಿ ವರ್ಷ ಕನಿಷ್ಠ 10 ಲಕ್ಷ ಆರೋಗ್ಯವಂತ ಜೀವನವರ್ಷಗಳು ನಷ್ಟವಾಗುತ್ತಿದ್ದವು. ಮಲಗುವ ಕೋಣೆಯೊಳಗೆ 30 ಡೆಸಿಬೆಲ್ ಮೀರದಿದ್ದರೆ ಒಳ್ಳೆಯದು ಎಂದು ಅದೇ ಸಂಸ್ಥೆ 1999ರಲ್ಲಿ ಸಲಹೆ ನೀಡಿತ್ತು. ನಮ್ಮ ಪೇಟೆಗಳಲ್ಲಿ ಎಷ್ಟು ಮನೆಗಳಿಗೆ ಈ ಭಾಗ್ಯವಿದೆ?

ಮಕ್ಕಳ ಕಲಿಕೆಗೆ ಹೊಡೆತ

ಗದ್ದಲದ ಬೆಲೆಯನ್ನು ಅತಿ ಹೆಚ್ಚು ತೆರುವವರು ಮಕ್ಕಳು. ನ್ಯೂಯಾರ್ಕ್ ನಗರದ ಒಂದು ಶಾಲೆಯ ಪಕ್ಕದಲ್ಲೇ ಎತ್ತರಿಸಿದ ರೈಲು ಹಳಿ ಇತ್ತು. ರೈಲು ಹಾದುಹೋಗುವಷ್ಟು ಹೊತ್ತು ಶಿಕ್ಷಕಿ ಪಾಠ ನಿಲ್ಲಿಸಬೇಕಾಗುತ್ತಿತ್ತು. ಮನಶ್ಶಾಸ್ತ್ರಜ್ಞೆ ಆರ್ಲೀನ್ ಬ್ರೊನ್‌ಜಾಫ್ಟ್ ಅವರು ಹಳಿಯ ಬದಿಯ ತರಗತಿಗಳ ಮಕ್ಕಳನ್ನೂ ಕಟ್ಟಡದ ಇನ್ನೊಂದು ಬದಿಯ ಮಕ್ಕಳನ್ನೂ ಹೋಲಿಸಿ 1975ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರನೇ ತರಗತಿಯ ಹೊತ್ತಿಗೆ ಹಳಿಯ ಬದಿಯ ಮಕ್ಕಳು ಓದುವುದರಲ್ಲಿ ಸುಮಾರು ಒಂದು ವರ್ಷದಷ್ಟು ಹಿಂದುಳಿದಿದ್ದರು. ಬಳಿಕ ಹಳಿಗಳಿಗೆ ರಬ್ಬರ್ ಪ್ಯಾಡ್ ಅಳವಡಿಸಲಾಯಿತು, ತರಗತಿಗಳಿಗೆ ಶಬ್ದ ಹೀರುವ ಮುಚ್ಚಿಗೆ ಹಾಕಲಾಯಿತು. ಆ ಮೇಲೆ ಪುನಃ ಪರೀಕ್ಷಿಸಿದಾಗ ಎರಡೂ ಬದಿಯ ಮಕ್ಕಳ ನಡುವೆ ವ್ಯತ್ಯಾಸ ಉಳಿದಿರಲಿಲ್ಲ.

ಜರ್ಮನಿಯ ಮ್ಯೂನಿಕ್‌ನಲ್ಲಿ 1992ರಲ್ಲಿ ಹಳೆಯ ವಿಮಾನ ನಿಲ್ದಾಣ ಮುಚ್ಚಿ ಬೇರೆ ಕಡೆ ಹೊಸದು ಆರಂಭವಾದಾಗಲೂ ಇದೇ ಕಂಡುಬಂತು. ಹಳೆಯ ನಿಲ್ದಾಣದ ಸುತ್ತಲಿನ ಮಕ್ಕಳ ಓದು ಮತ್ತು ನೆನಪಿನ ಶಕ್ತಿ ಸುಧಾರಿಸಿತು, ಹೊಸ ನಿಲ್ದಾಣದ ಸುತ್ತಲಿನ ಮಕ್ಕಳದು ಕುಂದಿತು. ಮಕ್ಕಳು ಬುದ್ಧಿವಂತರೋ ದಡ್ಡರೋ ಎಂದು ತೀರ್ಮಾನಿಸುವ ಮೊದಲು ಅವರು ಕುಳಿತು ಓದುವ ಜಾಗದಲ್ಲಿ ಎಷ್ಟು ಗದ್ದಲವಿದೆ ಎಂದು ನೋಡಬೇಕು. ಮನೆಯಲ್ಲಿ ಸಂಜೆಯಿಡೀ ಟಿವಿ ಕೂಗುತ್ತಿದ್ದರೆ ಅದರ ಪರಿಣಾಮವೂ ಇದೇ ಬಗೆಯದು.

ದುಡಿಯುವವರ ಕಿವಿ

ಕೆಂಪು ಕಲ್ಲಿನ ಕೋರೆಯಲ್ಲಿ ಕಲ್ಲು ಕೊಯ್ಯುವ ಯಂತ್ರ, ಮರದ ಮಿಲ್ಲಿನ ಗರಗಸ, ತೋಟದಲ್ಲಿ ಹುಲ್ಲು ಹೆರೆಯುವ ಯಂತ್ರ, ಟ್ರಾಲ್ ಬೋಟಿನ ಎಂಜಿನ್, ವೆಲ್ಡಿಂಗ್ ಶಾಪಿನ ಗ್ರೈಂಡರ್. ನಮ್ಮ ಜಿಲ್ಲೆಗಳ ಸಾವಿರಾರು ಮಂದಿ ಇವುಗಳ ಜತೆ ದಿನವಿಡೀ ದುಡಿಯುತ್ತಾರೆ. ತಲೆಗೆ ಮುಂಡಾಸು, ಮೂಗಿಗೆ ಬೈರಾಸು ಕಟ್ಟಿಕೊಂಡವರನ್ನು ಕಾಣಬಹುದು, ಕಿವಿಗೆ ರಕ್ಷಣೆ ಹಾಕಿಕೊಂಡವರು ಕಾಣಸಿಗುವುದು ಅಪರೂಪ. ಶಬ್ದದಿಂದ ಬರುವ ಕಿವುಡುತನವನ್ನು ನಮ್ಮ ದೇಶದ ಕಾನೂನು ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿಸಿದೆ. ಆದರೆ ಬಿಡಿ ಕೂಲಿಗೆ ಹೋಗುವವರಿಗೆ ಇದನ್ನು ಹೇಳುವವರು ಯಾರು? ಸ್ಪಂಜಿನ ಸಣ್ಣ ಇಯರ್ ಪ್ಲಗ್‌ಗೆ ಆಗುವ ಖರ್ಚು ತೀರಾ ಕಡಿಮೆ. ಕೆಲಸ ಕೊಡುವ ಧಣಿಗಳು ಕೂಲಿಯ ಜತೆ ಇದನ್ನೂ ಕೊಟ್ಟರೆ ಒಬ್ಬನ ಮುಪ್ಪು ಹಸನಾಗುತ್ತದೆ.

ಇನ್ನು ಇಯರ್‌ಫೋನ್. ಅಸುರಕ್ಷಿತವಾಗಿ ಸಂಗೀತ ಕೇಳುವ ಅಭ್ಯಾಸದಿಂದ ಜಗತ್ತಿನ 100 ಕೋಟಿಗೂ ಹೆಚ್ಚು ಯುವಜನರ ಶ್ರವಣಶಕ್ತಿ ಅಪಾಯದಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಎಚ್ಚರಿಸಿದೆ. ಬಸ್ಸಿನ ಗದ್ದಲವನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಾ ಹೋಗುವುದೇ ಇಲ್ಲಿನ ತಪ್ಪು. ಗರಿಷ್ಠ ವಾಲ್ಯೂಮಿನ ಶೇಕಡಾ 60ರ ಒಳಗೆ ಇರಿಸಿ, ಗಂಟೆಗೊಮ್ಮೆ ಕಿವಿಗೆ ಬಿಡುವು ಕೊಡುವುದು ಸರಳ ಉಪಾಯ. ನಿಮ್ಮ ಇಯರ್‌ಫೋನ್‌ನ ಹಾಡು ಪಕ್ಕದ ಸೀಟಿನವರಿಗೆ ಕೇಳುತ್ತಿದ್ದರೆ ಅದು ಹೆಚ್ಚಾಯಿತು ಎಂದೇ ತಿಳಿಯಿರಿ.

ಕಾನೂನು ಏನು ಹೇಳುತ್ತದೆ?

ಪರಿಸರ (ಸಂರಕ್ಷಣೆ) ಕಾಯಿದೆಯ ಅಡಿಯಲ್ಲಿ ಕೇಂದ್ರ ಸರಕಾರ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳನ್ನು 2000ದ ಫೆಬ್ರವರಿಯಲ್ಲಿ ಜಾರಿಗೆ ತಂದಿತು. ಬೆಳಿಗ್ಗೆ 6ರಿಂದ ರಾತ್ರಿ 10ರ ತನಕ ಹಗಲು, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ರಾತ್ರಿ ಎಂದು ಲೆಕ್ಕ. ಡೆಸಿಬೆಲ್‌ಗಳಲ್ಲಿ ಮಿತಿಗಳು ಹೀಗಿವೆ:

- ಕೈಗಾರಿಕಾ ಪ್ರದೇಶ: ಹಗಲು 75, ರಾತ್ರಿ 70
- ವಾಣಿಜ್ಯ ಪ್ರದೇಶ: ಹಗಲು 65, ರಾತ್ರಿ 55
- ವಸತಿ ಪ್ರದೇಶ: ಹಗಲು 55, ರಾತ್ರಿ 45
- ನಿಶ್ಶಬ್ದ ವಲಯ: ಹಗಲು 50, ರಾತ್ರಿ 40

ಆಸ್ಪತ್ರೆ, ಶಾಲಾ ಕಾಲೇಜು, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. 2017ರ ತಿದ್ದುಪಡಿಯ ನಂತರ ಸರಕಾರ ಘೋಷಿಸಿದರೆ ಮಾತ್ರ ಅದು ನಿಶ್ಶಬ್ದ ವಲಯವಾಗುತ್ತದೆ. ಹಾಗಾಗಿ ಆಸ್ಪತ್ರೆ ಮತ್ತು ಶಾಲೆಗಳ ಆಡಳಿತದವರು ತಮ್ಮ ಪ್ರದೇಶ ಘೋಷಣೆಯಾಗಿದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಬಳಸುವಂತಿಲ್ಲ. ರಾತ್ರಿ 10ರ ನಂತರ ಮುಚ್ಚಿದ ಸಭಾಂಗಣಗಳ ಒಳಗೆ ಹೊರತು ಬೇರೆಡೆ ಅದಕ್ಕೆ ಅವಕಾಶವಿಲ್ಲ. ಸಾಂಸ್ಕೃತಿಕ ಮತ್ತು ಧಾರ್ಮಿಕ ಹಬ್ಬಗಳಿಗೆ ರಾಜ್ಯ ಸರಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರ ತನಕ ಸಡಿಲಿಕೆ ನೀಡಬಹುದು. ಸಾರ್ವಜನಿಕ ಸ್ಥಳದ ಧ್ವನಿವರ್ಧಕದ ಶಬ್ದ ಆ ಸ್ಥಳದ ಗಡಿಯಲ್ಲಿ ಅಲ್ಲಿನ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. 2010ರ ತಿದ್ದುಪಡಿಯು ವಸತಿ ಪ್ರದೇಶಗಳಲ್ಲಿ ರಾತ್ರಿ ಹೊತ್ತು ಹಾರ್ನ್ ಮತ್ತು ಕಟ್ಟಡ ಕಾಮಗಾರಿಯ ಯಂತ್ರಗಳಿಗೂ, ರಾತ್ರಿ ಸಿಡಿಯುವ ಪಟಾಕಿಗೂ ತಡೆ ಹಾಕಿತು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಅನಗತ್ಯವಾಗಿ ಹಾರ್ನ್ ಹಾಕಿದರೆ ಮೊದಲ ಸಲ 1,000 ರೂಪಾಯಿ, ಮತ್ತೆ ಹಾಕಿದರೆ 2,000 ರೂಪಾಯಿ ದಂಡವಿದೆ. ಟೈಮಿಂಗ್ಸ್ ಹಿಡಿಯಲು ಕರ್ಕಶ ಹಾರ್ನ್ ಒತ್ತುತ್ತಾ ಓಡುವ ಬಸ್ಸುಗಳನ್ನು ಕಂಡಾಗ ಈ ಕಾನೂನು ಎಲ್ಲಿದೆ ಎಂದು ಕೇಳುವಂತಾಗುತ್ತದೆ.

ನೆನಪಿಡಬೇಕಾದ ಎರಡು ತೀರ್ಪುಗಳು

ಮೊದಲನೆಯದು ಕ್ರೈಸ್ತರಾದ ನಮಗೇ ಸಂಬಂಧಿಸಿದ್ದು. ಚೆನ್ನೈನ ಬಡಾವಣೆಯೊಂದರ ನಿವಾಸಿಗಳು ಅಲ್ಲಿನ 'ಚರ್ಚ್ ಆಫ್ ಗಾಡ್' ಪ್ರಾರ್ಥನಾಲಯದ ಮೈಕ್, ಡ್ರಮ್ಸ್ ಮತ್ತು ಗಿಟಾರ್‌ಗಳ ಶಬ್ದದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಪ್ರಾರ್ಥನಾಲಯದವರು ಧಾರ್ಮಿಕ ಸ್ವಾತಂತ್ರ್ಯದ ಹಕ್ಕನ್ನು ಮುಂದಿಟ್ಟರು. 2000ದ ಆಗಸ್ಟ್ 30ರಂದು ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿ ನಿಂತಿತು. ಇತರರ ಶಾಂತಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ, ಹಸುಗೂಸುಗಳು, ವೃದ್ಧರು, ರೋಗಿಗಳು ಮತ್ತು ವಿದ್ಯಾರ್ಥಿಗಳ ನೆಮ್ಮದಿಯ ಹಕ್ಕನ್ನು ಧರ್ಮದ ಹೆಸರಿನಲ್ಲಿ ತುಳಿಯುವಂತಿಲ್ಲ ಎಂಬುದು ತೀರ್ಪಿನ ಸಾರ.

ಎರಡನೆಯದರ ಹಿಂದೆ ಕರುಳು ಹಿಂಡುವ ಘಟನೆಯಿದೆ. ದೆಹಲಿಯಲ್ಲಿ 13 ವರ್ಷದ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ಸಹಾಯಕ್ಕಾಗಿ ಆಕೆ ಕೂಗಿಕೊಂಡದ್ದು ನೆರೆಯಲ್ಲಿ ಅಬ್ಬರಿಸುತ್ತಿದ್ದ ಧ್ವನಿವರ್ಧಕದ ಸಂಗೀತದಲ್ಲಿ ಮುಳುಗಿಹೋಯಿತು. ಆಕೆ ಆ ಬಳಿಕ ಬೆಂಕಿ ಹಚ್ಚಿಕೊಂಡು ಪ್ರಾಣ ಕಳೆದುಕೊಂಡಳು. ಈ ಸುದ್ದಿ ಓದಿ ಕಳವಳಗೊಂಡ ಎಂಜಿನಿಯರ್ ಒಬ್ಬರು ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. 2005ರ ಜುಲೈ 18ರಂದು ಮುಖ್ಯ ನ್ಯಾಯಮೂರ್ತಿ ಆರ್. ಸಿ. ಲಾಹೋಟಿ ಅವರಿದ್ದ ಪೀಠ ವಿಸ್ತೃತ ತೀರ್ಪು ನೀಡಿತು. ನೆಮ್ಮದಿಯಿಂದ ಬದುಕುವುದು ಸಂವಿಧಾನದ 21ನೇ ವಿಧಿ ಕೊಟ್ಟ ಜೀವಿಸುವ ಹಕ್ಕಿನ ಭಾಗ, ಮಾತನಾಡುವ ಸ್ವಾತಂತ್ರ್ಯ ಇದೆಯೆಂದು ಕೇಳಲು ಮನಸ್ಸಿಲ್ಲದವರ ಕಿವಿಗೆ ಬಲವಂತವಾಗಿ ತುರುಕುವ ಹಕ್ಕು ಯಾರಿಗೂ ಇಲ್ಲ ಎಂದು ಅದು ಸ್ಪಷ್ಟಪಡಿಸಿತು.

ಈ ತೀರ್ಪಿನ ಪಾಲನೆಗಾಗಿ ಕರ್ನಾಟಕ ಸರಕಾರ 2022ರ ಮೇ ತಿಂಗಳಲ್ಲಿ ಮತ್ತೊಮ್ಮೆ ಆದೇಶ ಹೊರಡಿಸಿತು. ರಾತ್ರಿಯಿಡೀ ನಡೆಯುವ ಯಕ್ಷಗಾನ ಬಯಲಾಟಗಳ ಬಗ್ಗೆಯೂ ಆಗ ಕರಾವಳಿಯಲ್ಲಿ ಸಾಕಷ್ಟು ಚರ್ಚೆ ನಡೆಯಿತು. ಮೈಕ್ ಬರುವ ಮುಂಚೆಯೂ ಚೆಂಡೆ, ಮದ್ದಳೆ, ಭಾಗವತರ ಕಂಠದಿಂದಲೇ ಆಟ ನಡೆಯುತ್ತಿತ್ತು ಎಂಬುದನ್ನು ಹಿರಿಯರು ನೆನಪಿಸುತ್ತಾರೆ.

ನಮ್ಮ ಹಬ್ಬ, ನಮ್ಮ ಮದುವೆ

ಇತರರತ್ತ ಬೆರಳು ತೋರಿಸುವುದು ಸುಲಭ. ಆದರೆ ನಮ್ಮ ರೋಸ್ ಕಾರ್ಯಕ್ರಮಗಳನ್ನೇ ನೋಡಿ. ಹಿಂದೆ ಗುಮಟೆ ಬಡಿದು, ವೋವಿಯೊ ಹಾಡಿ, ತೆಂಗಿನ ಹಾಲು ಹಚ್ಚಿ ಮದುಮಗಳನ್ನು ಹರಸುತ್ತಿದ್ದರು. ಆ ಹಾಡಿನಲ್ಲಿ ಮನೆಯ ಹಿರಿಯ ಹೆಂಗಸರಿಗೆ ಸ್ಥಾನವಿತ್ತು. ಇಂದು ಅನೇಕ ಮನೆಗಳ ಅಂಗಳದಲ್ಲಿ ಡಿಜೆ ಪೆಟ್ಟಿಗೆಗಳು ನಿಲ್ಲುತ್ತವೆ. ಹಿರಿಯರು ಕಿವಿ ಮುಚ್ಚಿಕೊಂಡು ಒಳಗಿನ ಕೋಣೆ ಸೇರುತ್ತಾರೆ. ದೂರದಿಂದ ಬಂದ ನೆಂಟರು ಪರಸ್ಪರ ಎರಡು ಮಾತು ಆಡಲಾಗದೆ ಊಟ ಮುಗಿಸಿ ಹೊರಡುತ್ತಾರೆ.

ಒಂದು ಸಣ್ಣ ಲೆಕ್ಕ ನೋಡೋಣ. ತೆರೆದ ಜಾಗದಲ್ಲಿ ದೂರ ಹತ್ತು ಪಟ್ಟಾದಾಗ ಶಬ್ದ ಸುಮಾರು 20 ಡೆಸಿಬೆಲ್ ಇಳಿಯುತ್ತದೆ. ಪೆಟ್ಟಿಗೆಯಿಂದ 1 ಮೀಟರ್ ದೂರದಲ್ಲಿ 110 ಡೆಸಿಬೆಲ್ ಇದ್ದರೆ 10 ಮೀಟರಿನಲ್ಲಿ 90, ನೂರು ಮೀಟರ್ ಆಚೆಗಿನ ಮನೆಯ ಹೊರಗೆ 70. ರಾತ್ರಿ ಅಲ್ಲಿ ಇರಬೇಕಾದದ್ದು 45. ಅಂದರೆ ಮಿತಿಗಿಂತ 25 ಡೆಸಿಬೆಲ್ ಹೆಚ್ಚು, ಶಕ್ತಿಯಲ್ಲಿ ಮುನ್ನೂರು ಪಟ್ಟು! ನಡುವೆ ಒಂದು ಸಾಲು ಮರವಿದ್ದರೂ ಶಬ್ದ ಹೆಚ್ಚೇನೂ ತಗ್ಗುವುದಿಲ್ಲ.

ನಾವೇನು ಮಾಡಬಹುದು?

- ಹಬ್ಬದ ಮೈದಾನದಲ್ಲಿ ಎತ್ತರದ ಕಂಬಕ್ಕೆ ದೊಡ್ಡ ಹಾರ್ನ್ ಸ್ಪೀಕರ್ ಕಟ್ಟುವ ಬದಲು ಸಣ್ಣ ಪೆಟ್ಟಿಗೆಗಳನ್ನು ಜನರ ಹತ್ತಿರ, ಮೈದಾನದ ಒಳಕ್ಕೆ ಮುಖ ಮಾಡಿ ಇರಿಸಿ. ಬಂದವರಿಗೆ ಸ್ಪಷ್ಟವಾಗಿ ಕೇಳುತ್ತದೆ, ಆಚೆ ಮನೆಗೆ ತೊಂದರೆಯಾಗುವುದಿಲ್ಲ.
- ನೊವೆನಾ ಮತ್ತು ಪೂಜೆಯ ಮೈಕ್ ಇಗರ್ಜಿಯೊಳಗೆ ಇರುವವರಿಗೆ ಕೇಳಿದರೆ ಸಾಕು.
- ಗರ್ನಾಲು, ಕದಿನ ಬಿಡುವ ಮುಂಚೆ ಹತ್ತಿರದಲ್ಲಿ ರೋಗಿಗಳು, ಬಾಣಂತಿಯರು ಇದ್ದಾರೆಯೇ ಎಂದು ವಿಚಾರಿಸಿ. ದನಕರು, ನಾಯಿಗಳೂ ಹೆದರಿ ಓಡುತ್ತವೆ.
- ಮದುವೆ ಮನೆಯವರು ಡಿಜೆಯವರೊಂದಿಗೆ ಸಮಯವನ್ನೂ ಮಟ್ಟವನ್ನೂ ಮೊದಲೇ ಮಾತಾಡಿಕೊಳ್ಳಿ. ಕಾರ್ಯಕ್ರಮದ ಮುಂಚಿನ ದಿನ ನೆರೆಯವರಿಗೆ ತಿಳಿಸಿ.
- ಪರೀಕ್ಷೆಯ ತಿಂಗಳಲ್ಲಿ ಮನೆಯ ಟಿವಿಗೂ ಒಂದು ಗಂಟೆಯ ವಿರಾಮ ಕೊಡಿ.
- ಕಿವಿಯಲ್ಲಿ ಸದಾ ಗುಂಯ್‌ಗುಟ್ಟುವಿಕೆ ಇದ್ದರೆ, ಮಾತು ಮತ್ತೆ ಮತ್ತೆ ಕೇಳಬೇಕಾಗಿ ಬಂದರೆ ತಡಮಾಡದೆ ಕಿವಿಯ ವೈದ್ಯರನ್ನು ಕಾಣಿ.

ತೊಂದರೆ ಮಿತಿ ಮೀರಿದರೆ ಮೊದಲು ನೇರವಾಗಿ, ಸೌಜನ್ಯದಿಂದ ಮಾತಾಡುವುದೇ ಲೇಸು. ಅದಕ್ಕೆ ಬೆಲೆ ಸಿಗದಿದ್ದರೆ 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಬಹುದು. ಶಬ್ದ ಮಿತಿಗಿಂತ 10 ಡೆಸಿಬೆಲ್ ಹೆಚ್ಚಿದ್ದರೆ ಅಥವಾ ರಾತ್ರಿಯ ನಿರ್ಬಂಧ ಮುರಿದಿದ್ದರೆ ಯಾರು ಬೇಕಾದರೂ ದೂರು ಕೊಡಬಹುದು ಎಂದು ನಿಯಮವೇ ಹೇಳುತ್ತದೆ. ದೂರು ಕೊಟ್ಟವರನ್ನು ಊರಿನ ಅಥವಾ ಧರ್ಮದ ವೈರಿಯಂತೆ ನೋಡುವ ಚಾಳಿ ಮಾತ್ರ ನಿಲ್ಲಬೇಕು. ಹಲವು ಬಾರಿ ಆ ಮನೆಯೊಳಗೆ ಏನು ಕಷ್ಟವಿದೆಯೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ.

2020ರ ಲಾಕ್‌ಡೌನ್ ದಿನಗಳಲ್ಲಿ ವಾಹನಗಳು ನಿಂತಾಗ ಪೇಟೆಯ ಮನೆಗಳಿಗೂ ಹಕ್ಕಿಗಳ ಕೂಗು, ಕಡಲ ಮೊರೆತ ಕೇಳಿಸಿತ್ತು. ಅಂಥ ಮೌನ ಎಲ್ಲ ಕಾಲಕ್ಕೂ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಆದರೆ ರಾತ್ರಿ ಹತ್ತರ ಬಳಿಕ ರೋಗಿಗೆ ನಿದ್ದೆ, ಮಗುವಿಗೆ ಓದಿದ್ದು ನೆನಪಿಟ್ಟುಕೊಳ್ಳುವಷ್ಟು ವಿಶ್ರಾಂತಿ, ಕಷ್ಟದಲ್ಲಿರುವವರು ಕೂಗಿದರೆ ನೆರೆಮನೆಗೆ ಕೇಳಿಸುವಷ್ಟು ಶಾಂತಿ ನಮ್ಮ ಊರುಗಳಲ್ಲಿ ಇರಲೇಬೇಕು. ಮುಂದಿನ ಕಾರ್ಯಕ್ರಮದ ತಯಾರಿಗೆ ಸಮಿತಿಯ ಸಭೆ ಸೇರುವಾಗ ಊಟ, ಲೈಟಿಂಗ್, ಬ್ಯಾಂಡ್‌ಗಳ ಜತೆಗೆ ಈ ವಿಷಯವನ್ನೂ ಪಟ್ಟಿಗೆ ಸೇರಿಸೋಣ.